ಮುಕ್ಕಾಂ ಪೋಸ್ಟ್ ಪರದೇಶ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹಳ್ಳಿಗಳಿಗೆ ಬರುವ ಲಕೋಟೆಗಳ ಮೇಲೆ ಹೆಸರಿನ ಕೆಳಗಿನ ಸಾಲು ಸಾಮಾನ್ಯವಾಗಿ ‘ಮು. ಪೊ.’ ಎಂದೇ ಮೊದಲಾಗುತ್ತದೆ; ಇಂಗ್ಲಿಷಿನಲ್ಲಿ ಬರೆಯುವವರು ಅದನ್ನು ‘ಎ/ಪಿ’ ಮಾಡಿಕೊಳ್ಳುತ್ತಾರೆ, ಅದರ ಬೆನ್ನಿಗೆ ‘ತಾ.’ ಮತ್ತು ‘ಜಿ.’ ಬರುತ್ತವೆ. ‘ಮು.’ ಎಂದರೆ ಮುಕ್ಕಾಂ. ಅರಬ್ಬಿಯಿಂದ ಹೊರಟು ಆಡಳಿತದ ಮರಾಠಿಯನ್ನು ಹಾದು ಗಡಿನಾಡಿನ ಕನ್ನಡಕ್ಕೆ ಇಳಿದ ಈ ಮಾತಿಗೆ ತಂಗುವ ಜಾಗ, ಬೀಡು ಎಂಬ ಅರ್ಥವಿದ್ದು, ಜಾತ್ರೆಗೋ ಮದುವೆಗೋ ಬಂದ ನೆಂಟನನ್ನು ‘ಇವತ್ತ ಮುಕ್ಕಾಂ ಎಲ್ಲಿ?’ ಎಂದೇ ಕೇಳುವ ರೂಢಿ ಇಂದಿಗೂ ಇದೆ. ಹುಟ್ಟಿ ಬೆಳೆದ ಊರನ್ನೂ ಒಂದು ರಾತ್ರಿಯ ತಂಗುದಾಣವನ್ನೂ ಒಂದೇ ಪದ ಹೇಳುವುದು ಭಾಷೆಯ ಆಕಸ್ಮಿಕವಿರಬಹುದು. ಆದರೆ ಈ ಸೀಮೆಯಿಂದ ಓದಿಗೆ, ನೌಕರಿಗೆ ಪರದೇಶ ಸೇರಿದವರ ಮುಂದೆ ಅಲ್ಲಿನ ವಲಸೆ ಇಲಾಖೆ ಮತ್ತೆ ಮತ್ತೆ ಇಡುವ ಪ್ರಶ್ನೆಯೂ ಇದೇ ಆಗಿದೆ.

ಆ ಪ್ರಶ್ನೆಗೆ ಕೊಡುವ ಲಿಖಿತ ಉತ್ತರವನ್ನು ಇಲ್ಲಿ ವಿಳಾಸ ವರದಿ ಎಂದು ಕರೆಯಬಹುದು. ಪರದೇಶದ ಪ್ರಜೆಯೊಬ್ಬ ತಾನು ವಾಸವಿರುವ ಮನೆಯ ವಿಳಾಸವನ್ನು ಆ ದೇಶದ ವಲಸೆ ಇಲಾಖೆಗೋ ಪೊಲೀಸರಿಗೋ ಸ್ಥಳೀಯ ಪುರಸಭೆಗೋ ಗೊತ್ತಾದ ಅವಧಿಯೊಳಗೆ ತಿಳಿಸುವ ಕಾನೂನುಬದ್ಧ ಕರ್ತವ್ಯ ಇದು. ವೀಸಾ ಎಂಬುದು ಒಳಬರಲು ಅಥವಾ ಉಳಿಯಲು ಸರ್ಕಾರ ಕೊಡುವ ಅನುಮತಿ. ವಿಳಾಸ ವರದಿಯಲ್ಲಿ ಯಾರೂ ಏನನ್ನೂ ಬೇಡುವುದಿಲ್ಲ, ಸರ್ಕಾರವೂ ಏನನ್ನೂ ಕೊಡುವುದಿಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ತೊಂದರೆ ಎರಡು ಕಡೆಯಿಂದಲೂ ಬರುತ್ತದೆ: ವೀಸಾ ಇನ್ನೂ ಒಂದು ವರ್ಷ ಬಾಕಿಯಿದೆ ಎಂಬ ಧೈರ್ಯದಲ್ಲಿ ವರದಿಯನ್ನು ಮರೆಯುವವರಿದ್ದಾರೆ, ವರದಿಯ ರಸೀದಿ ಕೈಗೆ ಬಂತೆಂದು ವೀಸಾದ ಅವಧಿಯೇ ಮುಂದೆ ಹೋಯಿತೆಂದು ತಿಳಿಯುವವರೂ ಇದ್ದಾರೆ. ಎರಡನೆಯ ತಪ್ಪು ಹೆಚ್ಚು ದುಬಾರಿಯದು.

ಈ ಪದ್ಧತಿ ಗಡಿಯಾರದಷ್ಟು ಕರಾರುವಾಕ್ಕಾಗಿ ನಡೆಯುವ ದೇಶ ಥಾಯ್ಲೆಂಡ್. ಅಲ್ಲಿನ 1979ರ ವಲಸೆ ಕಾಯ್ದೆಯ 37ನೆಯ ಕಲಮಿನ ಪ್ರಕಾರ ತಾತ್ಕಾಲಿಕ ವಾಸದ ಅನುಮತಿ ಪಡೆದ ಪರದೇಶಿಯು ದೇಶದೊಳಗೆ ಸತತವಾಗಿ 90 ದಿನ ಉಳಿದಾಗ ತನ್ನ ವಾಸಸ್ಥಳವನ್ನು ತಿಳಿಸಬೇಕು, ಆಮೇಲೂ ಪ್ರತಿ 90 ದಿನಕ್ಕೊಮ್ಮೆ ತಿಳಿಸುತ್ತಲೇ ಇರಬೇಕು. ಇದಕ್ಕಾಗಿ ತುಂಬುವ ನಮೂನೆಗೆ ಟಿ.ಎಂ. 47 ಎಂದು ಹೆಸರು. ಗಡುವಿನ ದಿನಕ್ಕೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ವರದಿ ಕೊಡಲು ಅವಕಾಶವಿದ್ದು, ಅದನ್ನು ಮೀರಿ ತಾನಾಗಿ ಹೋದವನಿಗೆ ಸಾಮಾನ್ಯವಾಗಿ 2,000 ಬಾತ್ ದಂಡ ಬೀಳುತ್ತದೆ. ವರದಿ ಸ್ವೀಕೃತವಾದ ಗುರುತಿಗೆ ಸಿಗುವ ಪುಟ್ಟ ಚೀಟಿಯ ಮೇಲೆ ಮುಂದಿನ ವರದಿಯ ದಿನಾಂಕ ಅಚ್ಚಾಗಿರುತ್ತದೆ. ಅದನ್ನು ಪಾಸ್‌ಪೋರ್ಟಿನ ಹಾಳೆಗೆ ಪಿನ್ ಹೊಡೆದು ಇಟ್ಟುಕೊಳ್ಳುವುದು ರೂಢಿ. ನಡುವೆ ಒಂದೇ ದಿನದ ಮಟ್ಟಿಗೆ ದೇಶ ಬಿಟ್ಟು ಮರಳಿದರೂ ಎಣಿಕೆ ಹೊಸದಾಗಿ ಒಂದರಿಂದ ಮೊದಲಾಗುವುದರಿಂದ, ಯುಗಾದಿಗೆ ಊರಿಗೆ ಬಂದು ಹೋದ ನೌಕರನ ಹಳೆಯ ಚೀಟಿ ಲೆಕ್ಕಕ್ಕೆ ಬರುವುದಿಲ್ಲ, ಅವನು ಲೆಕ್ಕವನ್ನು ವಿಮಾನ ಇಳಿದ ದಿನದಿಂದ ಹಾಕಿಕೊಳ್ಳಬೇಕು.

ಅದೇ ಕಾಯ್ದೆಯ 38ನೆಯ ಕಲಮು ಇದಕ್ಕಿಂತ ಹೆಚ್ಚು ತಲೆನೋವು ತರುವಂಥದು. ಪರದೇಶಿಗೆ ಇರಲು ಜಾಗ ಕೊಟ್ಟ ಮನೆಯ ಮಾಲೀಕ, ಹೋಟೆಲಿನ ವ್ಯವಸ್ಥಾಪಕ ಅಥವಾ ಮನೆಯ ವಹಿವಾಟು ನೋಡುವವನು 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕೆಂದು ಅದು ಹೇಳುತ್ತದೆ. ಆ ನಮೂನೆ ಟಿ.ಎಂ. 30. ಕರ್ತವ್ಯ ಮಾಲೀಕನದಾದರೂ ಅವನು ಮರೆತರೆ ಕಚೇರಿಯ ಕಿಟಕಿಯ ಮುಂದೆ ನಿಲ್ಲಬೇಕಾದವನು ಬಾಡಿಗೆದಾರನೇ, ಏಕೆಂದರೆ ವೀಸಾ ಮುಂದುವರಿಕೆಯಂಥ ಮುಂದಿನ ಕೆಲಸಗಳಿಗೆ ಈ ರಸೀದಿಯನ್ನು ಕೇಳುವುದುಂಟು. ಎರಡು ನಮೂನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸರ್ಕಾರದ ಯೋಚನೆ ಅರ್ಥವಾಗುತ್ತದೆ: ಒಂದೇ ಮುಕ್ಕಾಮಿಗೆ ಅತಿಥಿಯ ಬಾಯಿಂದ ಒಂದು ಸಾಕ್ಷಿ, ಆತಿಥೇಯನ ಬಾಯಿಂದ ಇನ್ನೊಂದು. ಹಣವಂತ ಹೂಡಿಕೆದಾರರಿಗೂ ಉನ್ನತ ತಂತ್ರಜ್ಞರಿಗೂ ಮೀಸಲಾದ ದೀರ್ಘಾವಧಿಯ ವೀಸಾ ಪಡೆದವರು ವರ್ಷಕ್ಕೊಮ್ಮೆ ವರದಿ ಕೊಟ್ಟರೆ ಸಾಕೆಂಬ ರಿಯಾಯಿತಿಯೂ ಅಲ್ಲಿದೆ; ದೊಡ್ಡವರ ಮುಕ್ಕಾಮನ್ನು ಪದೇ ಪದೇ ಕೇಳುವ ಗೋಜಿಗೆ ಯಾವ ದೇಶವೂ ಹೋಗುವುದಿಲ್ಲವೆಂದು ಕಾಣುತ್ತದೆ.

ಅಮೆರಿಕದ ಕಥೆ ಬೇರೆ. ಎರಡನೆಯ ಮಹಾಯುದ್ಧದ ಭಯದಲ್ಲಿ 1940ರಲ್ಲಿ ಅಲ್ಲಿ ಪರದೇಶಿಯರ ನೋಂದಣಿ ಕಾಯ್ದೆ ಬಂದಿತು. 1950ರ ದಶಕದಿಂದ 1981ರವರೆಗೆ ಪೌರತ್ವವಿಲ್ಲದವರು ಪ್ರತಿ ಜನವರಿಯಲ್ಲಿ ತಮ್ಮ ವಿಳಾಸವನ್ನು ಕಾರ್ಡಿನ ಮೇಲೆ ಬರೆದು ಕೊಡಬೇಕಾಗಿತ್ತು, ಆ ಕಾರ್ಡುಗಳು ಅಂಚೆ ಕಚೇರಿಗಳಲ್ಲಿ ಸಿಗುತ್ತಿದ್ದವು. 1965ರ ವಲಸೆ ಕಾಯ್ದೆಯ ತರುವಾಯ ಅಲ್ಲಿಗೆ ಹೋದ ಮೊದಲ ತಲೆಮಾರಿನ ಕನ್ನಡಿಗ ವೈದ್ಯರು, ಎಂಜಿನಿಯರುಗಳು ಪೌರತ್ವ ಸಿಗುವವರೆಗೆ ಹಾಯಬೇಕಾದದ್ದು ಈ ಜನವರಿಗಳನ್ನೇ, ಅಂದರೆ ನಮ್ಮಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ತಿಂಗಳು ಅಲ್ಲಿ ಕಾರ್ಡು ತುಂಬುವ ತಿಂಗಳಾಗಿತ್ತು. 1981ರ ಕೊನೆಯಲ್ಲಿ ವಾರ್ಷಿಕ ವರದಿ ರದ್ದಾಯಿತಾದರೂ ಮನೆ ಬದಲಿಸಿದಾಗ 10 ದಿನದೊಳಗೆ ತಿಳಿಸಬೇಕೆಂಬ ಅಂಶ ಉಳಿದುಕೊಂಡಿತು; ಅದರ ನಮೂನೆಯೇ ಎಆರ್-11. ಹಸಿರು ಕಾರ್ಡು ಎಂದು ಕರೆಯಲಾಗುವ ಕಾಯಂ ವಾಸದ ಪರವಾನಗಿ ಹೊಂದಿದವರಿಗೂ ಇದು ಅನ್ವಯಿಸುತ್ತದೆ. ಅಂಚೆ ಇಲಾಖೆಗೆ ಹೊಸ ವಿಳಾಸ ಕೊಟ್ಟೊಡನೆ ಸರ್ಕಾರಕ್ಕೇ ತಿಳಿಸಿದಂತಾಯಿತೆಂಬುದು ಅಲ್ಲಿ ಸಾಮಾನ್ಯವಾದ ತಪ್ಪು ಗ್ರಹಿಕೆ. ಪತ್ರ ಹೊಸ ಮನೆಗೆ ತಲುಪುತ್ತದೆ, ಕಾನೂನಿನ ಕರ್ತವ್ಯ ಮಾತ್ರ ಹಾಗೆಯೇ ಉಳಿದಿರುತ್ತದೆ. ದಶಕಗಳ ಕಾಲ ಸಡಿಲವಾಗಿದ್ದ ಈ ನಿಯಮವನ್ನು 2001ರ ಸೆಪ್ಟೆಂಬರ್ ದಾಳಿಗಳ ನಂತರ ಮತ್ತೆ ಬಿಗಿಗೊಳಿಸಲಾಯಿತು.

ಜರ್ಮನಿಯಲ್ಲಿ ಇದೇ ಕೆಲಸಕ್ಕೆ ಬೇರೆಯೇ ಸ್ವಭಾವವಿದೆ. ಅಲ್ಲಿ ಹೊಸ ಮನೆಗೆ ಹೋದ ಎರಡು ವಾರದೊಳಗೆ ಪುರಸಭೆಯ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು. ‘ಆನ್‌ಮೆಲ್ಡುಂಗ್’ ಎಂಬ ಹೆಸರಿನ ಈ ವಿಧಿ ಜರ್ಮನ್ ಪ್ರಜೆಗೂ ಪರದೇಶಿಗೂ ಒಂದೇ. 2015ರ ನವೆಂಬರ್ 1ರಿಂದ ಜಾರಿಗೆ ಬಂದ ಕಾಯ್ದೆಯಂತೆ ಮನೆ ಕೊಟ್ಟವನ ಸಹಿಯುಳ್ಳ ದೃಢೀಕರಣ ಪತ್ರವೂ ಜೊತೆಗಿರಬೇಕು. ಜಪಾನಿನಲ್ಲಿ ಪರದೇಶಿಯರಿಗೆಂದೇ ಇದ್ದ ಪ್ರತ್ಯೇಕ ನೋಂದಣಿ 2012ರ ಜುಲೈ 9ರಂದು ಕೊನೆಗೊಂಡು, ಅವರೂ ಸ್ಥಳೀಯ ನಿವಾಸಿಗಳ ದಾಖಲೆಯೊಳಗೆ ಸೇರಿದರು. 14 ದಿನದೊಳಗೆ ವಾರ್ಡ್ ಕಚೇರಿಗೆ ಹೋದರೆ ಗುಮಾಸ್ತರು ನಿವಾಸ ಕಾರ್ಡಿನ ಹಿಂಬದಿಯ ಗೆರೆಗಳ ಮೇಲೆ ಹೊಸ ವಿಳಾಸವನ್ನು ನಮೂದಿಸಿಕೊಡುತ್ತಾರೆ. ಊರಿನವರೆಲ್ಲ ನಿಲ್ಲುವ ಸಾಲಿನಲ್ಲಿ ನಿಂತು ವಿಳಾಸ ಬರೆಸುವುದಕ್ಕೂ ಪರದೇಶಿಯರಿಗೆಂದೇ ತೆರೆದ ಕಿಟಕಿಯಲ್ಲಿ ಬರೆಸುವುದಕ್ಕೂ ಮನಸ್ಸಿನ ಮೇಲಾಗುವ ಪರಿಣಾಮ ಒಂದೇ ಅಲ್ಲ, ನಮೂನೆಯಲ್ಲಿ ಕೇಳುವ ವಿವರಗಳು ಹೆಚ್ಚು ಕಡಿಮೆ ಒಂದೇ ಆಗಿದ್ದರೂ.

ಇಷ್ಟೆಲ್ಲ ನಮೂನೆಗಳು ಒಪ್ಪಿಕೊಂಡು ನಡೆಯುವ ಒಂದು ನಂಬಿಕೆಯೆಂದರೆ ಪ್ರತಿ ಮನುಷ್ಯನಿಗೂ ಒಂದು ಬಾಗಿಲು, ಪ್ರತಿ ಬಾಗಿಲಿಗೂ ಒಂದು ನಂಬರು ಇದೆ ಎಂಬುದು. ಕೃಷ್ಣಾ ಕೊಳ್ಳದ ಈ ಐದು ತಾಲ್ಲೂಕುಗಳಿಂದ ಹೋದವನು ಎಡವುವುದು ಇಲ್ಲಿಯೇ. ಇಲ್ಲಿನ ಹಳ್ಳಿಗಳಲ್ಲಿ ಮನೆಗಳ ಗುರುತು ಎರಡು ಬಗೆಯದು: ಗಾವಠಾಣ ಎಂದು ಕರೆಯುವ ಹಳೆಯ ಊರಿನ ಎಲ್ಲೆಯೊಳಗಿನ ಮನೆಗೆ ಪಂಚಾಯತಿಯ ವಿ.ಪಿ.ಸಿ. ನಂಬರು ಅಥವಾ ಮಿಳಕತ್ ನಂಬರು ಇರುತ್ತದೆ. ಆದರೆ ಕಬ್ಬು, ತಂಬಾಕಿನ ಬೆಳೆಗಾಗಿ ಹೊಲದಲ್ಲೇ ಮನೆ ಕಟ್ಟಿಕೊಂಡು ತಲೆಮಾರುಗಳಿಂದ ಇರುವ ಕುಟುಂಬಗಳಿಗೆ ಭೂಮಿಯ ರಿ.ಸ. ನಂಬರೇ, ಅಂದರೆ ಮರುಮೋಜಣಿಯಲ್ಲಿ ಹೊಲಕ್ಕೆ ಕೊಟ್ಟ ಸಂಖ್ಯೆಯೇ ಆಸರೆ. ಆ ಸಂಖ್ಯೆ ಹೊಲದ್ದು, ಮನೆಯದಲ್ಲ. ಅಣ್ಣತಮ್ಮಂದಿರ ನಾಲ್ಕು ಮನೆಗಳು ಒಂದೇ ಸರ್ವೆ ನಂಬರಿನಲ್ಲಿದ್ದರೆ ನಾಲ್ಕಕ್ಕೂ ಒಂದೇ ವಿಳಾಸ. ಆದ್ದರಿಂದ ಜನರು ಬರೆಯುವುದು ‘ತೋಟದ ಮನೆ’ ಎಂದು, ಇಲ್ಲವೆ ಮನೆತನದ ಅಡ್ಡಹೆಸರಿನ ಜೊತೆ ‘ತೋಟ’ ಸೇರಿಸಿ. ಮಿಕ್ಕದ್ದು ಪೋಸ್ಟ್‌ಮನ್‌ನ ತಲೆಯಲ್ಲಿರುತ್ತದೆ. ಊರಲ್ಲಿ ವಿಳಾಸವೆಂಬುದು ಒಬ್ಬನ ಬಗ್ಗೆ ಉಳಿದವರಿಗೆ ಗೊತ್ತಿರುವ ಸಂಗತಿ, ಅದನ್ನು ನೆನಪಿಡುವ ಹೊಣೆ ಅವನದಲ್ಲ. ಪರದೇಶದಲ್ಲಿ ಆ ಹೊಣೆ ಪೂರ್ತಿ ಅವನ ಹೆಗಲಿಗೆ ಬರುತ್ತದೆ, ಅದೂ ದಿನಾಂಕದ ಸಮೇತ. ವರದಿ ತಪ್ಪಿಸುವವರನ್ನು ಅಲಕ್ಷ್ಯದವರೆಂದು ಸುಲಭವಾಗಿ ಬೈಯುವವರು ಈ ಅಂತರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪರದೇಶದ ಎಷ್ಟೋ ನಮೂನೆಗಳು ಅಲ್ಲಿನ ವಿಳಾಸದ ಜೊತೆಗೆ ಸ್ವದೇಶದ ಕಾಯಂ ವಿಳಾಸವನ್ನೂ ಕೇಳುತ್ತವೆ. ಭಾರತದ ಪಾಸ್‌ಪೋರ್ಟಿನ ಕೊನೆಯ ಹಾಳೆಯಲ್ಲಿ ತಂದೆ, ತಾಯಿ, ಸಂಗಾತಿಯ ಹೆಸರುಗಳ ಕೆಳಗೆ ಅಚ್ಚಾದ ವಿಳಾಸವನ್ನು ನೋಡಿ ಅದನ್ನು ತುಂಬಲಾಗುತ್ತದೆ. ಈ ಸೀಮೆಯ ಮಟ್ಟಿಗೆ ಅದು ತಾನಾಗಿಯೇ ಬದಲಾಗುವ ವಿಳಾಸ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ಬೆಲ್ಗಾಮ್ ಎಂದಿದ್ದ ಜಿಲ್ಲೆ ಬೆಳಗಾವಿಯಾಯಿತು. 2018ರ ಸುಮಾರಿಗೆ ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಬೇರೆಯಾಗಿ ಹೊಸ ತಾಲ್ಲೂಕುಗಳಾದವು. ಇದರ ಮೇಲೆ ಇಂಗ್ಲಿಷ್ ಕಾಗುಣಿತದ ಗೊಂದಲ: ಚಿಕ್ಕೋಡಿಗೆ ಒಂದು ‘ಕೆ’ಯೋ ಎರಡೋ, ನಿಪ್ಪಾಣಿಗೆ ಒಂದು ‘ಪಿ’ಯೋ ಎರಡೋ, ರಾಯಬಾಗದ ನಡುವೆ ‘ವೈ’ಯೋ ‘ಐ’ಯೋ ಎಂಬುದು ಬರೆದ ಗುಮಾಸ್ತನ ಅಭ್ಯಾಸಕ್ಕೆ ಬಿಟ್ಟದ್ದು, ಏಕೆಂದರೆ ಮರಾಠಿಯ ಉಚ್ಚಾರಣೆಯಿಂದ ಬಂದ ಹಳೆಯ ಬರವಣಿಗೆಯೂ ಕನ್ನಡದಿಂದ ಬಂದ ಹೊಸ ಬರವಣಿಗೆಯೂ ಎರಡೂ ಬಳಕೆಯಲ್ಲಿವೆ. ಹೀಗಾಗಿ ಜಾಗ ಬಿಟ್ಟು ಕದಲದ ಮನೆಯೊಂದು ಹತ್ತನೆಯ ತರಗತಿಯ ಅಂಕಪಟ್ಟಿ, ಪಾಸ್‌ಪೋರ್ಟ್, ಆಧಾರ್ ಕಾರ್ಡುಗಳಲ್ಲಿ ಮೂರು ಊರುಗಳಲ್ಲಿರುವಂತೆ ಕಾಣುತ್ತದೆ. ಅಲ್ಲಾಡದೆ ಉಳಿದದ್ದು 1972ರ ಆಗಸ್ಟ್ 15ರಂದು ಜಾರಿಗೆ ಬಂದ, ಸಂಸ್ಕೃತ ಕವಿಯೂ ಅಂಚೆ ಅಧಿಕಾರಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ ಅವರ ಹೆಸರಿನೊಂದಿಗೆ ಬೆಸೆದುಕೊಂಡ ಪಿನ್ ಕೋಡ್ ಒಂದೇ. ಐದೂ ತಾಲ್ಲೂಕು ಕೇಂದ್ರಗಳ ಪಿನ್ 591 ಎಂದೇ ಮೊದಲಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಅಚ್ಚಾದ ಅಕ್ಷರಗಳನ್ನು ತಪ್ಪಿದ್ದರೂ ಹಾಗೆಯೇ ನಕಲು ಮಾಡಬೇಕು, ಊರಿನ ಹೆಸರನ್ನು ತಿದ್ದುವ ಅಭಿಮಾನವನ್ನು ಪಾಸ್‌ಪೋರ್ಟ್ ನವೀಕರಣದವರೆಗೆ ತಡೆದಿಟ್ಟುಕೊಳ್ಳಬೇಕು ಎಂಬುದು ಈ ಬಾಬತ್ತಿನಲ್ಲಿ ಕೊಡಬಹುದಾದ ಒಂದೇ ವ್ಯವಹಾರದ ಮಾತು.

ಮುಕ್ಕಾಂ ಎಂಬ ಪದದ ತಾತ್ಕಾಲಿಕತೆ ಈ ಸೀಮೆಗೆ ನಿಘಂಟಿನಿಂದ ತಿಳಿಯಬೇಕಾದದ್ದಲ್ಲ. 2005, 2019 ಮತ್ತು 2021ರಲ್ಲಿ ಕೃಷ್ಣೆ ಮತ್ತು ಅದರ ಉಪನದಿಗಳು ಉಕ್ಕಿದಾಗ ಚಿಕ್ಕೋಡಿಯ ಯಡೂರು, ಮಾಂಜರಿ, ಕಾಗವಾಡದ ಜುಗೂಳ, ಮಂಗಾವತಿಯಂಥ ದಂಡೆಯ ಊರುಗಳ ಜನ ದನಕರುಗಳ ಸಮೇತ ಎತ್ತರದ ಶಾಲೆ, ಮಠ, ಕಾಳಜಿ ಕೇಂದ್ರಗಳಿಗೆ ಹೋಗಿ ಇರಬೇಕಾಯಿತು. ನೀರು ಇಳಿದ ಮೇಲೆ ಮನೆ ಉಳಿದಿತ್ತೇ ಎಂಬುದು ಬೇರೆ ಪ್ರಶ್ನೆ, ಅಲ್ಲಿಯವರೆಗೆ ವಿಳಾಸ ಯಾವುದೆಂದು ಯಾವ ಕಚೇರಿಯೂ ಅವರನ್ನು ಕೇಳಲಿಲ್ಲ. ಅದೇ ಕುಟುಂಬದ ಮಗನೋ ಮಗಳೋ ಪರದೇಶದ ನಗರದಲ್ಲಿ ಗೆಳೆಯರ ಕೋಣೆಗೆ ಮೂರು ವಾರದ ಮಟ್ಟಿಗೆ ಸ್ಥಳಾಂತರಗೊಂಡರೆ ಅದನ್ನು ವಾಸಸ್ಥಳದ ಬದಲಾವಣೆ ಎಂದು ಕಾಯ್ದೆ ಎಣಿಸಬಹುದು. ಪ್ರವಾಸ ಎಲ್ಲಿ ಮುಗಿಯುತ್ತದೆ, ವಾಸ ಎಲ್ಲಿ ಮೊದಲಾಗುತ್ತದೆ ಎಂಬ ಗೆರೆಯನ್ನು ಒಂದೊಂದು ದೇಶ ಒಂದೊಂದು ಕಡೆ ಎಳೆದುಕೊಂಡಿದೆ.

ವಿಳಾಸವನ್ನು ಅಧಿಕಾರಿಯ ಮುಂದೆ ಒಪ್ಪಿಸುವ ಪದ್ಧತಿ ಪರದೇಶಿಯರಿಗೆ ಮಾತ್ರ ಸೀಮಿತವಾಗಿತ್ತೆಂದು ತಿಳಿಯುವುದೂ ಸರಿಯಲ್ಲ. ಬ್ರಿಟಿಷರ 1911ರ ಅಪರಾಧಿ ಬುಡಕಟ್ಟುಗಳ ಕಾಯ್ದೆ, ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿದ ಸಮುದಾಯಗಳ ಜನ ಗೊತ್ತಾದ ಅವಧಿಗೊಮ್ಮೆ ಹಾಜರಿ ಹಾಕಬೇಕೆಂದೂ ವಾಸಸ್ಥಳವನ್ನು, ಅದರ ಬದಲಾವಣೆಯನ್ನು, ಬದಲಾಯಿಸುವ ಉದ್ದೇಶವನ್ನು ಕೂಡ ಮುಂಗಡವಾಗಿ ತಿಳಿಸಬೇಕೆಂದೂ ವಿಧಿಸಲು 10ನೆಯ ಕಲಮಿನಲ್ಲಿ ಅವಕಾಶ ಮಾಡಿತ್ತು. ಮುಂಬೈ ಪ್ರಾಂತದ ಆಡಳಿತ ಅಥಣಿಗೆ ಹತ್ತಿರದ ವಿಜಯಪುರದಲ್ಲಿಯೂ ಹುಬ್ಬಳ್ಳಿ, ಗದಗಗಳಲ್ಲಿಯೂ ಅವರಿಗಾಗಿ ವಸಾಹತುಗಳನ್ನು ನಡೆಸಿತು; ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲಮೆಂಟ್’ ಎಂಬುದು ಬಡಾವಣೆಯ ಹೆಸರಾಗಿ ಇನ್ನೂ ಉಳಿದಿದೆ. ದೇಶದಾದ್ಯಂತ ಆ ಕಾಯ್ದೆ ಕೊನೆಗೊಂಡದ್ದು 1952ರ ಆಗಸ್ಟ್ 31ರಂದು. ಇಂದಿನ ವಲಸೆ ನಮೂನೆಗಳನ್ನು ಆ ಕ್ರೌರ್ಯದೊಡನೆ ಸಮೀಕರಿಸುವುದು ಅತಿರೇಕವಾದೀತು, ಆದರೂ ಅಲೆಯುವವನ ಮೇಲಿನ ಸಂಶಯ ಎರಡರ ಬೇರಿನಲ್ಲೂ ಇರುವುದನ್ನು ಅಲ್ಲಗಳೆಯಲಾಗದು.

ಇದೇ ಸೀಮೆಯ ಅಂಚಿನಲ್ಲಿ ಪರದೇಶಿಯರ ದೊಡ್ಡ ಮುಕ್ಕಾಮೊಂದು ಐದು ವರ್ಷ ನಿಂತಿತ್ತು. ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರ್ ದೂರದ ಕೊಲ್ಹಾಪುರದ ಪಕ್ಕದಲ್ಲಿ, ಮಿರಜ–ಕೊಲ್ಹಾಪುರ ರೈಲುಹಾದಿಯ ಬದಿಯ ವಳಿವಡೆಯಲ್ಲಿ, 1943ರಿಂದ 1948ರವರೆಗೆ ಸೋವಿಯತ್ ಗಡೀಪಾರಿನಿಂದ ಪಾರಾಗಿ ಬಂದ ಸುಮಾರು 5,000 ಪೋಲಿಷ್ ನಿರಾಶ್ರಿತರು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ವಾಸವಾಗಿದ್ದರು. ಆ ಕಾಲದಲ್ಲಿ ರಾಯಬಾಗವೂ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು, ಚಿಕ್ಕೋಡಿ ಮತ್ತು ಅಥಣಿ ಬ್ರಿಟಿಷ್ ಬೆಳಗಾವಿ ಜಿಲ್ಲೆಯಲ್ಲಿದ್ದವು; ಪೋಲೆಂಡಿನ ಹಳ್ಳಿಯಿಂದ ಸೈಬೀರಿಯಾ, ಇರಾನ್ ಹಾದು ಬಂದವರ ಹೊಸ ವಿಳಾಸ ರಾಯಬಾಗದ ರೈತನ ಮಹಾರಾಜರ ಸೀಮೆಯೊಳಗೇ ಬಿದ್ದಿತ್ತು. ಅವರು ಹೋದ ಮೇಲೆ ಅದೇ ಜಾಗದಲ್ಲಿ ದೇಶವಿಭಜನೆಯ ಸಿಂಧಿ ನಿರಾಶ್ರಿತರು ನೆಲೆಸಿದರು, ಅದು ಗಾಂಧಿನಗರವಾಯಿತು.

ಭಾರತವೂ ಈ ಪ್ರಶ್ನೆಯನ್ನು ಕೇಳುವ ದೇಶಗಳಲ್ಲಿ ಒಂದು. ಯುದ್ಧದ ಹೊಸ್ತಿಲಲ್ಲಿ ಬಂದ 1939ರ ಪರದೇಶಿಯರ ನೋಂದಣಿ ಕಾಯ್ದೆ ಮತ್ತು 1946ರ ಪರದೇಶಿಯರ ಕಾಯ್ದೆ ಎಂಟು ದಶಕಗಳ ಕಾಲ ಉಳಿದು, 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ಪರದೇಶಿಯರ ಕಾಯ್ದೆಗೆ ದಾರಿ ಬಿಟ್ಟುಕೊಟ್ಟವು. ಆರು ತಿಂಗಳಿಗೆ ಮೀರಿದ ವೀಸಾದ ಮೇಲೆ ಬಂದ ಪರದೇಶಿ 14 ದಿನದೊಳಗೆ ನೋಂದಾಯಿಸಿಕೊಳ್ಳುವುದು ಇಲ್ಲಿ ಬಹುಕಾಲದ ನಿಯಮ. ಬೆಂಗಳೂರಿನಲ್ಲಿ ಇದಕ್ಕೆ ಪ್ರಾದೇಶಿಕ ನೋಂದಣಿ ಕಚೇರಿಯಿದ್ದರೆ ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಯೇ ನೋಂದಣಿ ಅಧಿಕಾರಿ, 2018ರಿಂದೀಚೆಗೆ ಬಹುಪಾಲು ಕೆಲಸ ಅಂತರ್ಜಾಲದಲ್ಲೇ ನಡೆಯುತ್ತದೆ. ಥಾಯ್ಲೆಂಡಿನ ಟಿ.ಎಂ. 30ಕ್ಕೆ ನಮ್ಮಲ್ಲಿನ ಜೋಡಿ ಬಹುಕಾಲ ‘ಸಿ ಫಾರ್ಮ್’ ಎಂದೇ ಹೆಸರಾಗಿದ್ದ ನಮೂನೆ. ಪರದೇಶಿಗೆ ತಂಗಲು ಜಾಗ ಕೊಟ್ಟವರು 24 ಗಂಟೆಯೊಳಗೆ ಅವನ ಪಾಸ್‌ಪೋರ್ಟ್, ವೀಸಾಗಳ ವಿವರದ ಜೊತೆಗೆ ಎಲ್ಲಿಂದ ಬಂದ, ಮುಂದೆ ಎಲ್ಲಿಗೆ ಹೋಗುತ್ತಾನೆ ಎಂಬುದನ್ನೂ ಇದರಲ್ಲಿ ತಿಳಿಸಬೇಕು. ನಿಪ್ಪಾಣಿಯ ಹೆದ್ದಾರಿ ಬದಿಯ ಲಾಡ್ಜಿನ ರಿಜಿಸ್ಟರಿನಲ್ಲಿ ಸ್ವದೇಶದ ಗಿರಾಕಿಯೂ ತುಂಬುವ ‘ಬಂದ ಊರು, ಹೋಗುವ ಊರು’ ಎಂಬ ಕಲಂಗಳೇ ಇಲ್ಲಿ ಇಲಾಖೆಯ ರೂಪ ತಾಳಿವೆ. ಲಾಡ್ಜುಗಳಿಗೆ ಇದು ಪರಿಚಿತ. ಖಾಸಗಿ ಮನೆಯ ಯಜಮಾನನಿಗೂ ಅನ್ವಯಿಸುತ್ತದೆಂಬುದು ಹಳ್ಳಿಗಳಲ್ಲಿ ಅಷ್ಟಾಗಿ ತಿಳಿದ ಸಂಗತಿಯಲ್ಲ.

ಈ ನಿಯಮ ಕೊನೆಗೆ ಸುತ್ತಿ ಬರುವುದು ಈ ಸೀಮೆಯವರ ಸ್ವಂತ ಮಕ್ಕಳ ಬಳಿಗೇ. ಭಾರತದ ಕಾನೂನಿನಲ್ಲಿ ಎರಡು ಪೌರತ್ವಕ್ಕೆ ಎಡೆಯಿಲ್ಲದ ಕಾರಣ, ಅಮೆರಿಕದ ಪೌರತ್ವ ಪಡೆದ ದಿನವೇ ಅಥಣಿಯ ಮಗ ಅಥಣಿಯಲ್ಲಿ ಪರದೇಶಿಯಾಗುತ್ತಾನೆ. ಅಂಥವರಿಗಾಗಿ ಇರುವ ಒ.ಸಿ.ಐ. ಕಾರ್ಡು, ಅಂದರೆ ಸಾಗರೋತ್ತರ ಭಾರತೀಯ ನಾಗರಿಕನೆಂಬ ಗುರುತಿನ ಕಾರ್ಡು, ಜೀವಮಾನದ ವೀಸಾದಂತೆ ಕೆಲಸ ಮಾಡುತ್ತದೆ, ನೋಂದಣಿಯಿಂದಲೂ ವಿನಾಯಿತಿ ಕೊಡುತ್ತದೆ. ಹೆಸರಿನಲ್ಲಿ ನಾಗರಿಕನೆಂದಿದ್ದರೂ ಮತದಾನದ ಹಕ್ಕಿಲ್ಲ, ಹೊಲ ಕೊಳ್ಳುವಂತಿಲ್ಲ, ಅಪ್ಪನ ಹೊಲ ವಾರಸಾ ಹಕ್ಕಿನಿಂದ ಬಂದರೆ ಬರಬಹುದು. ಆದರೆ 2021ರ ಮಾರ್ಚ್ 4ರ ಅಧಿಸೂಚನೆಯಂತೆ ಭಾರತದಲ್ಲಿ ನೆಲೆಸಿದಾಗ ಅವನೂ ಕಾಯಂ ವಿಳಾಸ ಅಥವಾ ಉದ್ಯೋಗ ಬದಲಾದಾಗ ನೋಂದಣಿ ಕಚೇರಿಗೆ ಇ–ಮೇಲ್ ಮೂಲಕ ತಿಳಿಸಬೇಕು. ನಿವೃತ್ತಿಯಾಗಿ, ನ್ಯೂಜೆರ್ಸಿಯ ಮನೆ ಮಾರಿ, ಕಬ್ಬಿನ ನಡುವಿನ ತೋಟದ ಮನೆಗೆ ಮರಳಿ ಬಂದವನು ಆ ಕಚೇರಿಗೆ ಕಳಿಸುವ ಆ ಒಂದು ಸಾಲಿನ ವರದಿಯಲ್ಲಿ ಬೀದಿಯ ಹೆಸರಿಲ್ಲ, ಬಾಗಿಲ ನಂಬರಿಲ್ಲ. ಮನೆತನದ ಅಡ್ಡಹೆಸರು, ತೋಟ, ಆಮೇಲೆ ಮು. ಪೊ.